ಎರಡು ಗಂಟೆಯ ಕಾಲಂ

ನಾಲ್ಕನೆಯದೂ ಹೆಣ್ಣು, ಇನ್ನು ಸಾಕು ಅಂತ
ನನಗೆ ಸಾಕಮ್ಮ ಅಂತ ಹೆಸರಿಟ್ಟರಂತೆ.
ಆಮೇಲೂ ಇಬ್ಬರು ಹುಟ್ಟಿದರು, ಅದು ಬೇರೆ ಮಾತು.

ಮತ್ತಿಕೆರೆಯ ಈ ಮನೆ ಮೊದಲು ಯಾರದೋ ಸಂಸಾರ.
ದೇವರಕೋಣೆಯಲ್ಲಿ ಈಗ ಮಾತ್ರೆಗಳ ಬೀರು,
ಕಾರು ನಿಲ್ಲುತ್ತಿದ್ದಲ್ಲಿ ತಗಡಿನ ಕೆಳಗೆ ನಾಲ್ಕು ಹಾಸಿಗೆ.
ಒಟ್ಟು ಹದಿನಾಲ್ಕು. ರಾತ್ರಿ ಪಾಳಿಗೆ ನಾನೊಬ್ಬಳು.

ಎಡಕ್ಕೆ, ಬಲಕ್ಕೆ, ಅಂಗಾತ,
ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.
ತಪ್ಪಿದರೆ ಹಾಸಿಗೆಗೇ ಹಲ್ಲು ಮೂಡಿ
ಬೆನ್ನು ತಿನ್ನಲು ಶುರುಮಾಡುತ್ತದೆ,
ಮೊದಲು ಕೆಂಪು, ಆಮೇಲೆ ಕಪ್ಪು, ಆಮೇಲೆ ವಾಸನೆ.
ಒಬ್ಬೊಬ್ಬರಿಗೆ ಹತ್ತು ನಿಮಿಷ, ಹದಿನಾಲ್ಕು ಬೆನ್ನು;
ಎರಡು ಗಂಟೆಗೆ ಇರುವುದು ನೂರಿಪ್ಪತ್ತೇ ನಿಮಿಷ.
ಏಳನೇ ಕ್ಲಾಸಿಗೆ ಬಿಟ್ಟವಳು ನಾನು.
ಈ ಲೆಕ್ಕಕ್ಕೆ ಅಷ್ಟು ಓದು ಸಾಕು.

ಹನ್ನೊಂದನೇ ಹಾಸಿಗೆ ಜಯಶೀಲಮ್ಮನದು.
ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ
ಮೂವತ್ತೊಂದು ವರ್ಷ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು
ದಿನಕ್ಕೆ ಅರ್ಧ ನಿಮಿಷ ತಪ್ಪುವ ಗಡಿಯಾರಗಳನ್ನೆಲ್ಲ
ವಾಪಸ್ಸು ಕಳಿಸಿದ ಕೈ.
ಈಗ ಎಡಗೈ ಏಳುವುದಿಲ್ಲ.
ಬಲಗೈ ಕ್ಯಾಲೆಂಡರಿನ ಹಿಂಬದಿಗೆ ಬರೆಯುತ್ತದೆ:
ಗಂಟೆ ಒತ್ತಿದ್ದು 1.10, ಬಂದದ್ದು 1.52.
ಕೋಪವಿಲ್ಲ ಅವರ ಬರಹದಲ್ಲಿ, ಬರೀ ಹೊತ್ತು.
ಅದೇ ನನಗೆ ಚುಚ್ಚುವುದು.

ತಪಾಸಣೆಗೆ ಬರುತ್ತಾರೆ ಅಂದ ದಿನ
ಮಡಿಕೆಯ ಗೆರೆ ಇನ್ನೂ ಮಾಸದ ಹೊಸ ಚಾದರ,
ಬಾಗಿಲಿಗೆ ಚೆಂಡುಹೂ, ನೆಲಕ್ಕೆ ಫಿನಾಯಿಲು.
ಬೆಂಕಿ ಆರಿಸುವ ಕೆಂಪು ಸಿಲಿಂಡರು
ಅಕ್ಕಿಮೂಟೆಯ ಹಿಂದಿನಿಂದ ಹೊರಬಂದು ಮೈ ತೊಳೆದುಕೊಂಡಿತು.
"ಸಾಕಮ್ಮಾ, ಮಗ್ಗುಲಿನ ರಿಜಿಸ್ಟರ್ ತುಂಬಿಬಿಡು,
ಹಿಂದಿನ ತಿಂಗಳದ್ದೂ" ಅಂದರು ಮ್ಯಾನೇಜರ್.
ತುಂಬಿದೆ. ಒಂದೇ ಕೂತ, ಒಂದೇ ಪೆನ್ನು,
ಹನ್ನೆರಡು, ಎರಡು, ನಾಲ್ಕು, ಆರು,
ಸರಿ, ಸರಿ, ಸರಿ, ಸರಿ.

ಸಾಹೇಬರು ಹಜಾರದಲ್ಲೇ ಕೂತು ಬಾದಾಮಿ ಹಾಲು ಕುಡಿದರು,
ಪುಟ ತಿರುವಿದರು, ಅಕ್ಷರ ಚೆನ್ನಾಗಿದೆ ಅಂದರು.
ಹಿಂಬಾಗಿಲ ಬೀಗದ ಕೈ ಯಾರ ಹತ್ತಿರ ಅಂತ ಕೇಳಲಿಲ್ಲ.
ಅದು ಓನರ ಕಾರಿನಲ್ಲಿರುತ್ತದೆ. ಕಾರು ಎಲ್ಲಿರುತ್ತದೋ.
ಮರೆವಿನ ಚೆಲುವಯ್ಯನವರು ರಾತ್ರಿ ಎದ್ದು
"ಬಸ್ಸು ಹೊರಟಿತು" ಅಂತ ಆಚೆ ನಡೆಯುತ್ತಾರೆ ಅಂತ ಆ ಬೀಗ.
ಅವರೊಬ್ಬರು ಹೋಗದ ಹಾಗೆ
ಹದಿನಾಲ್ಕೂ ಜನ ಹೋಗದ ಹಾಗೆ ಹಾಕಿದ್ದಾರೆ.

ಆ ರಾತ್ರಿ ಜಯಶೀಲಮ್ಮ ರಿಜಿಸ್ಟರ್ ಕೇಳಿದರು.
ಕನ್ನಡಕ ಏರಿಸಿ, ಬೆಳಕಿಗೆ ಓರೆ ಹಿಡಿದು,
"ಒಂದೇ ಕೈ, ಒಂದೇ ಶಾಯಿ, ಒಂದೇ ಓಟ.
ಇಷ್ಟು ಸರಿಯಾಗಿ ಯಾವ ಗಡಿಯಾರವೂ ನಡೆಯಲ್ಲ ಕಣಮ್ಮ.
ಇದು ರಿಜೆಕ್ಟು."
ಅಂದು, ಪುಸ್ತಕ ವಾಪಸ್ಸು ಕೊಟ್ಟು,
ಬಲಮಗ್ಗುಲಿಗೆ ಹೊರಳಿಸು ಅಂದರು.

ಮಾರನೆಯ ದಿನ ಯಶವಂತಪುರದ ಬೀದಿಬದಿಯ ಬೀಗದವನನ್ನು
ಆಟೋ ಹತ್ತಿಸಿ ಕರೆತಂದು ಇನ್ನೊಂದು ಕೀ ಮಾಡಿಸಿದೆ.
ಮುನ್ನೂರು ರೂಪಾಯಿ, ಆಟೋದ್ದು ಬೇರೆ.
ತಾಳಿ ಅಡವಿಟ್ಟ ದಾರ ಖಾಲಿಯಿತ್ತು, ಅದಕ್ಕೇ ಪೋಣಿಸಿದೆ.
ಬಗ್ಗಿದಾಗೆಲ್ಲ ತಣ್ಣಗೆ ತಾಗುತ್ತದೆ,
ಹೊರಳಿಸುವವರ ಕೆನ್ನೆಗೂ.
"ಏನೇ ಅದು?" ಅನ್ನುತ್ತಾರೆ. ಬಾಗಿಲು ಅನ್ನುತ್ತೇನೆ.

ನಿನ್ನೆ ರಾತ್ರಿ ಮೂರನೇ ಹಾಸಿಗೆಯವರಿಗೆ ವಾಂತಿ,
ಏಳನೆಯವರು ಒದ್ದೆ, ಚೆಲುವಯ್ಯನವರಿಗೆ ಬಸ್ಸು.
ಎರಡು ಗಂಟೆಯ ಕಾಲಮ್ಮಿನಲ್ಲಿ ಪೆನ್ನು ನಿಂತಿತು.
ಆಮೇಲೆ ಬರೆದೆ, ಸೊಟ್ಟಗೆ:
ಐದು ಜನಕ್ಕೆ ಆಗಲಿಲ್ಲ. ನಾನೊಬ್ಬಳೇ ಇದ್ದೆ.

ಬೆಳಗ್ಗೆ ಮ್ಯಾನೇಜರ್ ನೋಡುತ್ತಾರೆ. ಕೆಲಸ ಹೋಗಬಹುದು.
ಜಯಶೀಲಮ್ಮನಿಗೆ ತೋರಿಸಿದೆ. ಓದಿದರು, ಎರಡು ಸಲ.
ಪಕ್ಕದಲ್ಲಿ ಸಣ್ಣದೊಂದು ಗುರುತು ಹಾಕಿದರು,
ಮೂವತ್ತೊಂದು ವರ್ಷ ಹಾಕಿದಂಥದ್ದು.

ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು.
ಆ ಐದು ಜನರಿಂದಲೇ ಶುರುಮಾಡಿದೆ.